ಹಳದಿ ಕಾರಿಗೆ ಕಟ್ಟಿದ ಬಾಳೆಕಂದು

ನಮ್ಮ ಮನೆಗೆ ಬಂದವರು ಕಾಂಪೌಂಡಿನ ಮೂಲೆಯಲ್ಲಿ ತೊಂಡೆ ಬಳ್ಳಿ ಹಬ್ಬಿರುವುದನ್ನು ನೋಡಿ ಒಂದು ನಿಮಿಷ ನಿಂತೇ ನಿಲ್ಲುತ್ತಾರೆ. ಬಳ್ಳಿಯಲ್ಲಿ ವಿಶೇಷವೇನಿಲ್ಲ. ಅದು ಹಬ್ಬಿರುವ ಆಸರೆ ವಿಚಿತ್ರವಾದದ್ದು. ಕಪ್ಪು ಪ್ಲಾಸ್ಟಿಕ್ಕಿನದು, ಜೇನುಗೂಡಿನ ಹಾಗೆ ಮೈತುಂಬಾ ಆರು ಮೂಲೆಯ ಕಣ್ಣುಗಳು, ಬಲಗಡೆಯ ಒಂದು ಮೂಲೆ ಕಿತ್ತುಹೋಗಿದೆ. ‘ಇದೇನು ಸಾರ್, ಸರ್ಕಾರದಿಂದ ಕೊಟ್ಟಿದ್ದಾ?’ ಎಂದು ಒಬ್ಬರು ಕೇಳಿದ್ದರು. ಅದು ಸ್ಪೋರ್ಟ್ಸ್ ಕಾರಿನ ಮುಂದಿನ ಗ್ರಿಲ್ಲು ಎಂದು ಹೇಳಿದರೆ ನಕ್ಕು ಒಳಗೆ ಬರುತ್ತಾರೆ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಆ ಕಣ್ಣುಗಳೊಳಗಿಂದ ತೊಂಡೆಯ ಕುಡಿ ತೂರಿ ಬರುವುದನ್ನು ನೋಡುವುದು ನನ್ನ ಈಚಿನ ಚಟ. ನೋಡಿದಾಗೆಲ್ಲ ಎರಡು ವಿಷಯ ನೆನಪಾಗುತ್ತವೆ. ಒಂದು ನನ್ನ ಹೇಡಿತನ, ಇನ್ನೊಂದು ನನ್ನ ಹೆಂಡತಿಯ ಕೈ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಹೇಳಿ ಮುಗಿಸೋಣ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆಗುವುದಿಲ್ಲ. ಆದ್ದರಿಂದ ಎರಡನ್ನೂ ಹೇಳಿಬಿಡುತ್ತೇನೆ, ನೀವು ಮನೆಯವರ ಹಾಗೆ.

ವಾಹನಗಳಿಗೆ ಮುಖ ಇರುತ್ತದೆ ಎಂದು ಬಲವಾಗಿ ನಂಬಿದವನು ನಾನು. ಹುಟ್ಟಿ ಬೆಳೆದದ್ದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ. ಆ ಕಾಲಕ್ಕೆ ನಮ್ಮೂರ ಕಡೆ ಓಡಾಡುತ್ತಿದ್ದ ಪ್ರೈವೇಟ್ ಬಸ್ಸುಗಳು ನಾಲ್ಕೋ ಐದೋ. ಬೋರ್ಡು ಓದಲು ಕಲಿಯುವ ಮೊದಲೇ ನಮಗೆ ಅವುಗಳ ಮುಖಪರಿಚಯ ಆಗಿತ್ತು. ಅಮೃತೂರಿನ ಬಸ್ಸಿಗೆ ಮುಂದಿನ ಗ್ರಿಲ್ಲಿನಲ್ಲಿ ಎರಡು ಪಟ್ಟಿ ಇರಲಿಲ್ಲ. ಹಲ್ಲು ಬಿದ್ದ ಅಜ್ಜಿಯ ಹಾಗೆ ನಗುತ್ತಾ ಬರುತ್ತಿತ್ತು. ಇನ್ನೊಂದಕ್ಕೆ ಗ್ರಿಲ್ಲು ಕೆಳಕ್ಕೆ ಬಾಗಿ ಸದಾ ಸಿಟ್ಟಿನ ಮೋರೆ, ಅದರ ಕಂಡಕ್ಟರೂ ಮಹಾ ಸಿಡುಕ. ಬಸ್ಸು ನಿಂತಾಗ ನಾವು ಓಡಿಹೋಗಿ ಗ್ರಿಲ್ಲಿಗೆ ಅಂಟಿದ ಚಿಟ್ಟೆ, ಮಿಡತೆಗಳನ್ನು ನೋಡಿ ಅದು ಯಾವ ಊರಿನ ಗದ್ದೆ ದಾಟಿ ಬಂದಿದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ತೀರ್ಪು ಕೊಡುವವರು ಯಾರೂ ಇರಲಿಲ್ಲವಾದ್ದರಿಂದ ಎಲ್ಲರೂ ಗೆಲ್ಲುತ್ತಿದ್ದೆವು.

ಇನ್ನೊಂದು ನೆನಪು ಕುದುರೆಯದು. ಅಪ್ಪ ಕುಣಿಗಲ್ಲಿಗೆ ಸಾಮಾನು ತರಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಕುದುರೆ ಫಾರಂನ ಬೇಲಿ ಬಳಿ ನಾನು ನಿಂತುಬಿಡುತ್ತಿದ್ದೆ. ಮೈ ಮಿರಮಿರ ಮಿಂಚುವ, ಕಾಲು ನೆಲಕ್ಕೆ ತಾಗಿಯೂ ತಾಗದ ಹಾಗೆ ನಡೆಯುವ ಆ ಪ್ರಾಣಿಗಳನ್ನು ನೋಡಿ ಒಂದು ದಿನ ಕೇಳಿದೆ.

‘ಇವು ಏನ್ ಕೆಲ್ಸ ಮಾಡ್ತವಪ್ಪಾ?’

‘ಓಡ್ತವೆ.’

‘ಓಡಿ?’

‘ಓಡಿ ಏನೂ ಇಲ್ಲ ಕಣ್ಲಾ. ಓಡ್ತವೆ ಅಷ್ಟೆಯ.’

ನಮ್ಮ ಮನೆಯಲ್ಲಿ ಉಳದ, ಹೇರು ಎಳೆಯದ, ಹಾಲು ಕೊಡದ ಯಾವ ಪ್ರಾಣಿಗೂ ಮೇವು ಹಾಕಿದ್ದನ್ನು ನಾನು ಕಂಡಿರಲಿಲ್ಲ. ಬರೀ ಓಡುವುದಕ್ಕಾಗಿ ಒಂದು ಜೀವವನ್ನು ಇಷ್ಟು ಚೆಂದಕ್ಕೆ ಸಾಕುತ್ತಾರೆ ಎಂಬುದು ನನ್ನ ತಲೆಗೆ ಹತ್ತಲು ಬಹಳ ದಿನ ಹಿಡಿಯಿತು. ಹತ್ತಿದ ಮೇಲೆ ಇಳಿಯಲೇ ಇಲ್ಲ. ಐವತ್ತು ದಾಟಿ, ತುಮಕೂರಿನಲ್ಲಿ ಮನೆ ಕಟ್ಟಿ, ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ಮೆಕ್ಯಾನಿಕಲ್ ಪಾಠ ಹೇಳಿ ಹೇಳಿ ಕೂದಲು ಉದುರಿದ ಮೇಲೆ, ಬೆಂಗಳೂರಿನ ದಂತವೈದ್ಯರೊಬ್ಬರು ತಮ್ಮ ಹಳೆಯ ಸ್ಪೋರ್ಟ್ಸ್ ಕಾರನ್ನು ಮಾರುತ್ತಾರೆ ಎಂದು ತಿಳಿಯಿತು. ನೋಡಿಕೊಂಡಾದರೂ ಬರೋಣ ಎಂದು ಹೋದವನು ಓಡಿಸಿಕೊಂಡೇ ಬಂದೆ. ಅರಿಶಿನದ ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು.

ನನ್ನ ಹೆಂಡತಿ ಗಿರಿಜಾ ಗೇಟಿನ ಹತ್ತಿರ ನಿಂತು ಕೇಳಿದಳು. ‘ಇದ್ರಲ್ಲಿ ಅಕ್ಕಿ ಮೂಟೆ ಇಡಕ್ಕೆ ಎಲ್ಲಿದೆ ಜಾಗ?’

‘ಇಲ್ಲ.’

‘ನಮ್ಮಮ್ಮನ್ನ ಕೂರ್ಸಕ್ಕೆ?’

‘ಹಿಂದೆ ಸೀಟಿದೆ. ಆದ್ರೆ ಕಾಲಿಡೋಕೆ ಜಾಗ ಇಲ್ಲ.’

ಆಮೇಲೆ ಅವಳು ಕಾರಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಚಕ್ರದ ಮೇಲಿನ ಉಬ್ಬಿನ ಮೇಲೆ ಅಂಗೈ ಆಡಿಸಿದಳು. ‘ಈ ಕಟಿಂಗ್ ಯಾರು ಮಾಡಿದ್ರೋ ಕಣ್ರೀ. ಇಷ್ಟು ದೊಡ್ಡ ತಿರುವಲ್ಲಿ ಒಂದು ಸುಕ್ಕಿಲ್ಲ,’ ಎಂದಳು. ಗಿರಿಜಾ ಗುಬ್ಬಿಯವಳು. ಮದುವೆಯಾದಾಗಿನಿಂದ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ರಸ್ತೆಯ ತುದಿಯಿಂದ ಒಬ್ಬ ಹೆಂಗಸು ನಡೆದು ಬರುತ್ತಿದ್ದರೆ, ಅವರು ಗೇಟು ತಲುಪುವಷ್ಟರಲ್ಲಿ ಇವಳಿಗೆ ಅವರ ಭುಜದ ಅಳತೆ ಗೊತ್ತಾಗಿರುತ್ತದೆ. ಟೇಪು ಹಿಡಿಯುವುದು ಬಂದವರ ಸಮಾಧಾನಕ್ಕೆ. ಅಂಥವಳ ಬಾಯಿಂದ ಬಂದ ಹೊಗಳಿಕೆ ಅದು. ಆವತ್ತೇ ಆ ಕಾರು ನನ್ನ ಕೈಬಿಟ್ಟಿತು ಎಂದು ನನಗೆ ಗೊತ್ತಾಗಬೇಕಿತ್ತು.

ನಾನು ಅದನ್ನು ಓಡಿಸಿದ್ದು ಮೂರೋ ನಾಲ್ಕೋ ಸಲ. ಮೊದಲ ಸಲ ಅಪ್ಪನ ಊರಿಗೆಂದು ಕುಣಿಗಲ್ ರಸ್ತೆ ಹಿಡಿದೆ. ಹಂಪು ಬಂದಾಗೆಲ್ಲ ಕಾರು ಅಡ್ಡಡ್ಡ ತಿರುಗಿಸಿ, ದೇವರ ಉತ್ಸವ ಹೊರಡಿಸಿದ ಹಾಗೆ ಹೋಗಿ, ಹೆಬ್ಬೂರು ತಲುಪುವಷ್ಟರಲ್ಲಿ ಸೊಂಟ ಹಿಡಿಯಿತು. ಎಳನೀರು ಕುಡಿಯಲು ನಿಲ್ಲಿಸಿದರೆ ಇಳಿಯಲು ಆಗಲಿಲ್ಲ. ಎಳನೀರಿನವನು ಕುಕ್ಕರುಗಾಲಲ್ಲಿ ಕೂತು ಕಿಟಕಿಯೊಳಗೆ ಕಾಯಿ ಕೊಟ್ಟ. ನಾನು ಕುಡಿದು ಮುಗಿಸುವ ತನಕ ಕಾರನ್ನು ಮೇಲೆ ಕೆಳಗೆ ನೋಡಿದ.

‘ಸ್ವಾಮಿ, ಇದು ಪೂರ್ತಿ ಇಷ್ಟೇನಾ, ಇಲ್ಲ ಮೇಲಿಂದು ಆಮ್ಯಾಕೆ ಬತ್ತದಾ?’

ಆ ನಂತರ ನಾನು ಅದನ್ನು ಒರೆಸುವುದಕ್ಕಷ್ಟೇ ಸೀಮಿತವಾದೆ. ಗಿರಿಜಾ ಸದ್ದಿಲ್ಲದೆ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡಳು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಲೈಸೆನ್ಸ್ ತಂದಳು. ಕಲಿಸಿದವರು ನನ್ನ ಹತ್ತಿರ ಹೇಳಿದ್ದು, ‘ಮೇಡಂ ಕ್ಲಚ್ಚು ಬಿಡೋ ರೀತಿ ನಾನೇ ನೋಡ್ಕೊಂಡು ಕೂತಿದ್ದೆ ಸಾರ್’ ಎಂದು. ಹೊಲಿಗೆ ಮೆಷೀನಿನ ಪೆಡಲ್ಲನ್ನು ಅಷ್ಟು ವರ್ಷ ಒತ್ತಿದ ಪಾದ. ಒಂದು ಎಳೆ ಮುಂದೆ ಹೋಗು ಎಂದರೆ ಒಂದೇ ಎಳೆ ಹೋಗುವ ಪಾದ. ಅವಳು ಹಿಂದಿನ ರಸ್ತೆಯಲ್ಲಿ ಕಾರನ್ನು ಹಾಲು ತುಂಬಿದ ಪಾತ್ರೆ ಸರಿಸಿದ ಹಾಗೆ ಸರಿಸುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೆ. ಆಯುಧಪೂಜೆಯ ದಿನ ಪೂಜೆ ಮುಗಿಸಿ, ಮೊದಲ ಸಲ ಒಬ್ಬಳೇ ಗುಬ್ಬಿಯ ತವರಿಗೆ ಹೋಗಿ ಬರುವುದು ಎಂದು ತೀರ್ಮಾನವಾಯಿತು.

ಇಲ್ಲಿಂದ ನನ್ನ ಹೇಡಿತನ ಶುರು.

ಆಯುಧಪೂಜೆ ಎಂದರೆ ನನಗೆ ಕೊತ್ತಗೆರೆ ಮೈಮೇಲೆ ಬರುತ್ತದೆ. ಕಾರು ತೊಳೆದೆ. ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದೆ. ಸೇವಂತಿಗೆ ಹಾರ ಹಾಕಿದೆ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ಊರಿಂದ ತರಿಸಿದ್ದ ಎರಡು ಬಾಳೆಕಂದು ಇದ್ದವು, ಆಳೆತ್ತರದವು. ಮಾರ್ಕೆಟ್ಟಿನ ಪೀಚು ಕಂದು ನನಗೆ ಆಗುವುದಿಲ್ಲ. ಎತ್ತಿನ ಗಾಡಿಗೆ, ಆಮೇಲೆ ಟ್ರಾಕ್ಟರಿಗೆ ಅಪ್ಪ ಕಂದು ಕಟ್ಟುತ್ತಿದ್ದ ಗಂಟು ನನಗೆ ಬರುತ್ತದೆ. ಊರು ಸುತ್ತಿ ಬಂದರೂ ಕಂದು ಅಲುಗಬಾರದು, ಹಾಗೆ ಬಿಗಿಯಬೇಕು. ತೆಂಗಿನ ನಾರಿನ ಹಗ್ಗವನ್ನು ಗ್ರಿಲ್ಲಿನ ಕಣ್ಣುಗಳೊಳಗೆ ತೂರಿಸಿ, ಎರಡು ಸುತ್ತು ತಂದು, ಮೊಣಕಾಲು ಊರಿ ಎಳೆದು ಬಿಗಿದೆ. ಟ್ರಾಕ್ಟರಿನ ಮುಂಭಾಗ ಕಬ್ಬಿಣ, ಇದು ಪ್ಲಾಸ್ಟಿಕ್ಕು ಎಂಬುದು ಮೆಕ್ಯಾನಿಕಲ್ ಮೇಷ್ಟ್ರಿಗೆ ಹೊಳೆಯಲಿಲ್ಲ.

ಗಿರಿಜಾ ಹೊಸ ಸೀರೆ ಉಟ್ಟು ಒಳಗೆ ಕೂತಳು. ನಾನು ಬೂದುಗುಂಬಳ ಒಡೆದೆ. ಎದುರು ಮನೆಯ ನಂಜುಂಡಪ್ಪನವರು, ಮೂವತ್ತು ವರ್ಷ ಪ್ರೈವೇಟ್ ಬಸ್ಸು ಓಡಿಸಿ ಬಿಟ್ಟವರು, ಕೈಕಟ್ಟಿ ನಿಂತು ನೋಡುತ್ತಿದ್ದರು. ಬೀದಿಯವರೂ ಕೆಲವರು ಸೇರಿದ್ದರು. ನಿಂಬೆಹಣ್ಣು ಚಟಚಟ ಒಡೆದವು, ಕಾರು ಮೆತ್ತಗೆ ಗೇಟು ದಾಟತೊಡಗಿತು. ಬಲಗಡೆಯ ಕಂದು ಮಾತ್ರ ಹೊರಕ್ಕೆ ಚಾಚಿಕೊಂಡಿತ್ತು. ಅದು ಗೇಟಿಗೂ ಕಂಬಕ್ಕೂ ನಡುವೆ ಸಿಕ್ಕಿಕೊಂಡಿತು. ಕಾರು ಮುಂದೆ ಹೋಯಿತು, ಕಂದು ಹೋಗಲಿಲ್ಲ. ಅಪ್ಪನ ಗಂಟು ಬಿಚ್ಚಲಿಲ್ಲ. ‘ಪಟ್’ ಎಂದು ಗ್ರಿಲ್ಲಿನ ಮೂಲೆ ಕಿತ್ತು ಬಂತು.

ತಗ್ಗಿನ ಸೀಟಿನಲ್ಲಿ ಕೂತವಳಿಗೆ ಮುಂದಿನ ಮೂಲೆ ಕಾಣುವುದಿಲ್ಲ. ಸದ್ದು ಕೇಳಿ ಅವಳು ಕಾರು ನಿಲ್ಲಿಸಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಯಾರೋ ‘ಗೇಟಿಗೆ ಹೊಡೆದ್ರು’ ಎಂದರು. ನಂಜುಂಡಪ್ಪನವರು, ‘ಇಷ್ಟು ತಗ್ಗಿರೋ ಗಾಡಿನ ಹೆಂಗಸ್ರ ಕೈಗೆ ಕೊಡಬಾರ್ದು ಬುಡಿ ಮೇಷ್ಟ್ರೇ, ಅಂದಾಜು ಸಿಗಲ್ಲ’ ಎಂದರು. ಅಷ್ಟರಲ್ಲಿ ನಾನು ಗೇಟಿನ ಹತ್ತಿರ ಹೋಗಿದ್ದೆ. ಕಂದು ಅಲ್ಲಿ ಬಿದ್ದಿತ್ತು, ಅದಕ್ಕೆ ಗ್ರಿಲ್ಲಿನ ಒಂದು ಚೂರು, ಚೂರಿಗೆ ನನ್ನ ಗಂಟು. ಎಲ್ಲರೂ ಕಾರಿನ ಕಡೆ ನೋಡುತ್ತಿದ್ದರು. ನಾನು ಹಗ್ಗ ಬಿಡಿಸಿ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಂದನ್ನು ಎಳೆದು ಪಕ್ಕದ ಖಾಲಿ ಸೈಟಿನಲ್ಲಿ ಮೇಯುತ್ತಿದ್ದ ಹಸುವಿನ ಮುಂದೆ ಹಾಕಿದೆ. ಜನ ಚದುರಿದ ಮೇಲೆ ಎಡಗಡೆಯದನ್ನೂ ಬಿಚ್ಚಿ ಅಲ್ಲಿಗೇ ಹಾಕಿದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ. ಬೀದಿಯವರ ಮುಂದೆ ಮೇಷ್ಟ್ರು ಪ್ಲಾಸ್ಟಿಕ್ಕಿಗೆ ಹಗ್ಗ ಬಿಗಿದರು ಎಂದಾಗಬಾರದು, ಅಷ್ಟೇ ಇದ್ದದ್ದು ತಲೆಯಲ್ಲಿ. ಸಂಜೆ ಹೇಳಿದರಾಯಿತು ಎಂದುಕೊಂಡೆ.

ಗಿರಿಜಾ ಇಳಿದು ಬಂದು, ಕೀಲಿಯನ್ನು ನನ್ನ ಕೈಗೆ ಕೊಟ್ಟಳು. ‘ನಂಗಿದು ಬ್ಯಾಡ ಕಣ್ರೀ. ನಂಗೆ ಅಳತೆ ಸಿಗಲ್ಲ,’ ಎಂದು ಒಳಗೆ ಹೋದಳು.

ಸಂಜೆ ಹೇಳಲಿಲ್ಲ. ಮಾರನೆಯ ದಿನ ಹಬ್ಬ ಎಂದು ಹೇಳಲಿಲ್ಲ. ಒಂದು ವಾರ ಕಳೆದ ಮೇಲೆ, ಒಂದು ವಾರ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತದಲ್ಲ ಎಂದು ಹೇಳಲಿಲ್ಲ. ಅವಳು ಕಾರಿನ ಹತ್ತಿರ ಸುಳಿಯುವುದನ್ನೇ ಬಿಟ್ಟಳು. ಗುಬ್ಬಿಗೆ ಬಸ್ಸಿನಲ್ಲಿ ಹೋಗಿ ಬಂದಳು. ಅದನ್ನೂ ಸಹಿಸಿಕೊಂಡು ಇರುತ್ತಿದ್ದೆನೇನೋ. ಆದರೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅವಳು ಬಟ್ಟೆ ಹಾಸಿ, ಟೇಪು ಹಿಡಿದು ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಎತ್ತಿ, ಮತ್ತೆ ಕೆಳಗಿಟ್ಟು ಇನ್ನೊಮ್ಮೆ ಅಳೆಯುತ್ತಿದ್ದಳು. ಕೆಲವು ಸಲ ಮೂರು ಬಾರಿ. ಗೊತ್ತಿರುವ ಗಿರಾಕಿಗಳಿಗೂ ಫೋನು ಮಾಡಿ ‘ಅಳತೆ ರವಿಕೆ ಒಂದು ಕಳ್ಸಿ’ ಎನ್ನುತ್ತಿದ್ದಳು. ನಾನು ಪೇಪರು ಅಡ್ಡ ಹಿಡಿದು ಕೂತಿರುತ್ತಿದ್ದೆ.

ಗ್ರಿಲ್ಲು ಹೊಸದು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ಮಾಮೂಲಿ ಮೆಕ್ಯಾನಿಕ್ಕು ಕಾರಿನ ಸುತ್ತ ಬಂದು, ‘ಇದಕ್ಕೆ ನಾನು ಕೈ ಹಾಕಲ್ಲ ಸಾರ್’ ಎಂದು ಕೈ ಮುಗಿದ. ಕೊನೆಗೆ ಬಿಡಿಭಾಗವನ್ನು ಅಂಚೆಯಲ್ಲಿ ತರಿಸಿದೆ. ಆಳುದ್ದದ ಪೆಟ್ಟಿಗೆ ಬಂತು, ಎತ್ತಿದರೆ ಪುರಿ ಚೀಲದಷ್ಟು ಹಗುರ. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಪೋರ್ಟಿಕೋದಲ್ಲಿ ಜಮಖಾನ ಹಾಸಿ, ಫೋನಿನಲ್ಲಿ ವಿಡಿಯೋ ಹಚ್ಚಿಟ್ಟುಕೊಂಡು ಕೂತೆ. ವಿಡಿಯೋದಲ್ಲಿ ಒಬ್ಬ ಮಾತಾಡುತ್ತಾ ಮಾತಾಡುತ್ತಾ ನಾಲ್ಕು ನಿಮಿಷದಲ್ಲಿ ಬಂಪರನ್ನೇ ಕಳಚಿ ಪಕ್ಕಕ್ಕಿಟ್ಟ. ಈ ಕಾರಿನಲ್ಲಿ ಗ್ರಿಲ್ಲು ಬೇಕೆಂದರೆ ಮೊದಲು ಬಂಪರು ಬಿಚ್ಚಬೇಕು.

ನಾನು ಮೂವತ್ತು ವರ್ಷದಿಂದ ಕಪ್ಪುಹಲಗೆಯ ಮೇಲೆ ನಟ್ಟು ಬೋಲ್ಟು ಬರೆದಿದ್ದೇನೆ. ಮೂರೂ ದಿಕ್ಕಿನಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ನಿಜವಾದದ್ದಕ್ಕೆ ಸ್ಪ್ಯಾನರ್ ಹಾಕಿದವನಲ್ಲ. ಬಾನೆಟ್ಟಿನ ಕೆಳಗಿನ ಮೊದಲ ಕ್ಲಿಪ್ಪಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಅದು ತುಂಡಾಗಿ ಹಾರಿ ತುಳಸಿ ಕುಂಡದೊಳಗೆ ಬಿತ್ತು. ಎರಡನೆಯದು ಬಂತು, ಅದರ ಜೊತೆ ನನ್ನ ಹೆಬ್ಬೆರಳಿನ ಚರ್ಮವೂ ಸ್ವಲ್ಪ ಬಂತು. ಒಂದು ಗಂಟೆ ಕಳೆದಿತ್ತು.

ತಲೆ ಎತ್ತಿದರೆ ಗಿರಿಜಾ ಹೊಸಿಲಲ್ಲಿ ನಿಂತಿದ್ದಳು. ಅವರೆಕಾಯಿ ಸುಲಿಯುತ್ತಿದ್ದವಳು ಹಾಗೇ ಎದ್ದು ಬಂದಿರಬೇಕು, ಕೈಗೆ ಸೊಗಡಿನ ವಾಸನೆ. ನನ್ನ ಹೆಬ್ಬೆರಳು ನೋಡಿದಳು.

‘ಬಿಚ್ಚೋದು ಹಂಗಲ್ಲ ಕಣ್ರೀ. ಹೊಲ್ದೋರು ಎಲ್ಲಿ ಮುಗಿಸಿದಾರೋ ಅಲ್ಲಿಂದ ಬಿಚ್ಕೊಂಡು ಬರ್ಬೇಕು.’

ಒಳಗೆ ಹೋಗಿ ಕ್ರೋಷಾ ಕಡ್ಡಿ, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ, ಎರಡು ಇಡ್ಲಿ ತಟ್ಟೆ ಹಿಡಿದು ಬಂದಳು. ಸೆರಗು ಸಿಕ್ಕಿಸಿ ಕೂತಳು. ವಿಡಿಯೋದ ಕಡೆ ನೋಡಲೇ ಇಲ್ಲ. ಬಂಪರಿನ ಅಂಚಿನುದ್ದಕ್ಕೂ ಬೆರಳು ಆಡಿಸುತ್ತಾ ಹೋಗಿ, ಚಕ್ರದ ಗೂಡಿನೊಳಗೆ ಕೈ ಹಾಕಿ ಒಂದು ಕಡೆ ನಿಂತಳು. ‘ಇಲ್ಲಿದೆ ಕೊನೇದು,’ ಎಂದಳು. ನಾನು ಬಗ್ಗಿ ಟಾರ್ಚು ಬಿಟ್ಟು ನೋಡಿದರೆ ಅಲ್ಲೊಂದು ಸ್ಕ್ರೂ. ವಿಡಿಯೋದವನು ಎಲ್ಲಕ್ಕಿಂತ ಮೊದಲು ತೆಗೆಯಲು ಹೇಳಿ, ನಾನು ನೋಡದೆ ದಾಟಿಸಿದ್ದ ಸ್ಕ್ರೂ ಅದು.

ಆಮೇಲಿನ ಒಂದು ಗಂಟೆಯನ್ನು ನಾನು ಹೇಗೆ ಹೇಳಲಿ. ಕ್ಲಿಪ್ಪುಗಳನ್ನು ನೋಡಿ ‘ಇದು ಟಿಚ್ ಬಟನ್ನು. ನಡುವಿನ ಗುಬುಟು ಮೊದ್ಲು ಎತ್ಬೇಕು, ಆಮೇಲೆ ಮೈ ತಾನೇ ಬತ್ತದೆ’ ಎಂದಳು. ಕ್ರೋಷಾ ಕಡ್ಡಿಯ ಕೊಕ್ಕೆಯಲ್ಲಿ ನಡುವಿನದನ್ನು ಎತ್ತಿದಳು, ಮೈ ತಾನೇ ಬಂತು. ಒಂದೂ ಮುರಿಯಲಿಲ್ಲ. ಬಂದದ್ದನ್ನು ಬಂದ ಕ್ರಮದಲ್ಲಿ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಟ್ಟು, ತೆಗೆದ ಜಾಗದಲ್ಲೆಲ್ಲ ಸೀಮೆಸುಣ್ಣದಿಂದ ಅಂಕಿ ಹಾಕಿದಳು. ದೀಪದ ವೈರನ್ನು ನಾನು ಎಳೆಯಲು ಹೋದಾಗ ಕೈ ತಳ್ಳಿ, ಸಣ್ಣ ಎಸಳನ್ನು ಉಗುರಲ್ಲಿ ಒತ್ತಿ ಬಿಡಿಸಿದಳು. ಆ ಬೆರಳುಗಳನ್ನು ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ. ನೋಡಿರಲಿಲ್ಲ ಎಂದು ಅವತ್ತು ತಿಳಿಯಿತು. ನನ್ನ ಪಾಠದ ಹುಡುಗರನ್ನೆಲ್ಲ ಕರೆದು ಸಾಲಾಗಿ ಕೂರಿಸಿ, ನೋಡ್ರೋ ಎಂದು ಹೇಳಬೇಕೆನಿಸಿತು. ಇಬ್ಬರೂ ಎರಡು ಕಡೆ ಹಿಡಿದು ಎಳೆದಾಗ ಬಂಪರು ಒಂದು ಉಸಿರು ಬಿಟ್ಟ ಹಾಗೆ ಸದ್ದು ಮಾಡಿ ಕಳಚಿ ಬಂತು. ಬೆಳ್ಳಿ ಮುಖವಾಡ ತೆಗೆದ ಮೇಲೆ ಗರ್ಭಗುಡಿಯಲ್ಲಿ ಬರೀ ಲಿಂಗ ಕಾಣುತ್ತದಲ್ಲ, ಹಾಗೆ ಕಾರು ನಮ್ಮ ಮುಂದೆ ನಿಂತಿತ್ತು. ರೇಡಿಯೇಟರಿನ ಎಳೆಗಳಲ್ಲಿ ಯಾವಾಗಿನದೋ ಚಿಟ್ಟೆಯ ರೆಕ್ಕೆಗಳು.

ಬಂಪರನ್ನು ಜಮಖಾನದ ಮೇಲೆ ಮಗುಚಿ ಹಾಕಿ ಅವಳು ಹಳೆಯ ಗ್ರಿಲ್ಲನ್ನು ಬಿಡಿಸತೊಡಗಿದಳು. ಬಲಗಡೆಯ ಮುರಿದ ಮೂಲೆಗೆ ಬಂದಾಗ ಕೈ ನಿಂತಿತು. ಮುರಿದ ಅಂಚಿನ ಮೇಲೆ ಬೆರಳನ್ನು ಎರಡು ಸಲ ಆಡಿಸಿದಳು. ಬಂಪರನ್ನು ಎತ್ತಿ ಹೊರಮೈ ನೋಡಿದಳು. ಮತ್ತೆ ಮಗುಚಿದಳು.

‘ರೀ, ಇಲ್ನೋಡಿ. ಗೇಟಿಗೆ ಗುದ್ದಿದ್ರೆ ಇದು ಒಳಕ್ಕೆ ಮುರೀಬೇಕಿತ್ತು. ಹೊರಕ್ಕೆ ಕಿತ್ತು ಬಂದೈತೆ.’

ನಾನು ಸ್ಕ್ರೂಡ್ರೈವರ್ ಒರೆಸತೊಡಗಿದೆ.

‘ಬಣ್ಣಾನೂ ಒಂದ್ ಗೀರು ಹೋಗಿಲ್ಲ. ಬಟ್ಟೆ ಕತ್ತರಿ ಬಿದ್ದು ಹರಿಯೋದು ಬೇರೆ, ಮೊಳೆಗೆ ಸಿಕ್ಕಿ ಹರಿಯೋದು ಬೇರೆ. ಇದು ಏನೋ ಎಳೆದು ಹರಿದಿರೋದು.’

ಎಳೆತ, ಒತ್ತಡ, ಯಾವುದಕ್ಕೆ ವಸ್ತು ಹೇಗೆ ಮುರಿಯುತ್ತದೆ ಎಂಬ ಪಾಠವನ್ನು ನಾನು ಪ್ರತಿ ವರ್ಷ ಆರು ಗಂಟೆ ಕಾಲ ಮಾಡುತ್ತೇನೆ. ಅವಳು ಅದನ್ನು ಬೆರಳಲ್ಲಿ ಓದಿ ಮುಗಿಸಿದ್ದಳು. ಪಕ್ಕದ ಒಂದು ಕಣ್ಣಿನೊಳಗೆ ಕ್ರೋಷಾ ಕಡ್ಡಿ ಹಾಕಿ ಏನನ್ನೋ ಎಳೆದಳು. ತೆಂಗಿನ ನಾರಿನ ಒಂದು ಎಳೆ, ಕಂದು ಬಣ್ಣದ್ದು, ಬೆರಳುದ್ದ. ಅದನ್ನು ಬೆಳಕಿಗೆ ಹಿಡಿದು, ಆಮೇಲೆ ನನ್ನ ಮುಖ ನೋಡಿದಳು.

‘ನಾನೇ,’ ಎಂದೆ. ‘ಬಾಳೆಕಂದನ್ನ ಗ್ರಿಲ್ಲಿಗೆ ಬಿಗಿದಿದ್ದೆ. ಕಂದು ಗೇಟಿಗೆ ಸಿಕ್ಕಿಕೊಳ್ತು. ನೀನು ಗೇಟಿಗೆ ತಗುಲಿಸ್ಲೇ ಇಲ್ಲ. ಅವತ್ತೇ ನೋಡ್ದೆ. ಹಗ್ಗ ಬಚ್ಚಿಟ್ಟೆ.’

ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಆಸೆಪಟ್ಟೆ. ಅವಳು ಆ ನಾರನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಳು.

‘ಎರಡು ತಿಂಗಳು,’ ಎಂದಳು ಕೊನೆಗೆ. ‘ಕತ್ತರಿ ಹಾಕೋವಾಗ ಕೈ ತಡೀತಿತ್ತು ಕಣ್ರೀ. ಅಷ್ಟಗಲ ಗೇಟು ಕಾಣ್ಲಿಲ್ಲ ಅಂದ್ರೆ ಕಣ್ಣೇ ಹೋಗ್ತಾ ಇದೆ ಅಂದ್ಕೊಂಡೆ. ನಿಮ್ಗೆ ಹೇಳ್ದೆ ಕಣ್ಣಿನ ಡಾಕ್ಟ್ರ ಹತ್ರ ಹೋಗಿ ಬಂದೆ. ಏನೂ ಇಲ್ಲಮ್ಮ ಅಂದ್ರು. ಅವ್ರಿಗೆ ಗೊತ್ತಾಗ್ತಿಲ್ಲ ಅಂದ್ಕೊಂಡೆ. ಮೆಷೀನು ಮಾರಿಬಿಡಣ ಅಂತಾನೂ ಇದ್ದೆ.’

ಒಂದು ಪ್ಲಾಸ್ಟಿಕ್ಕಿನ ಗ್ರಿಲ್ಲು ಮುರಿಯಿತು ಎಂದು ತಾನೇ ನಾನು ತಿಳಿದದ್ದು. ಇವಳು ಒಬ್ಬಳೇ ಆಸ್ಪತ್ರೆಯ ಬೆಂಚಿನ ಮೇಲೆ ಚೀಟಿ ಹಿಡಿದು ಕೂತಿದ್ದಳು. ‘ತಪ್ಪಾಯ್ತು ಗಿರಿಜಾ’ ಎಂದೆ. ಅವಳು ನಾರಿನ ಎಳೆಯನ್ನು ಇಡ್ಲಿ ತಟ್ಟೆಯ ಖಾಲಿ ಗುಳಿಯಲ್ಲಿ ಹಾಕಿದಳು.

‘ಹೊಸದನ್ನ ಹಿಡ್ಕೊಳ್ಳಿ. ಅಲುಗಾಡ್ಸಬೇಡಿ.’

ಹಿಡಿದುಕೊಂಡೆ. ಹಿಂಬದಿಯ ಒಂದೊಂದೇ ಎಸಳನ್ನು ಜಾಗಕ್ಕೆ ತಂದು ಹೆಬ್ಬೆರಳಲ್ಲಿ ಒತ್ತಿದಳು. ‘ಟಕ್’ ‘ಟಕ್’ ಎಂದು ಕೂತವು. ಒಂದೂ ಎರಡನೆಯ ಸಲ ಒತ್ತಿಸಿಕೊಳ್ಳಲಿಲ್ಲ. ಬಂಪರನ್ನು ಎತ್ತಿ ಕಾರಿಗೆ ಜೋಡಿಸಿ, ಇಡ್ಲಿ ತಟ್ಟೆಯನ್ನು ಹಿಂದಿನಿಂದ ಮುಂದಕ್ಕೆ ಖಾಲಿ ಮಾಡಿದಳು. ನಾನು ಮುರಿದಿದ್ದ ಕ್ಲಿಪ್ಪಿನ ಜಾಗ ಒಂದು ಉಳಿಯಿತು. ಅಲ್ಲಿಗೆ ದಪ್ಪ ನೈಲಾನ್ ದಾರದಲ್ಲಿ ಕೋಟಿನ ಗುಂಡಿಯೊಂದನ್ನು ಕೂರಿಸಿ ಗಂಟು ಹಾಕಿದಳು. ಈಗಲೂ ಬಾನೆಟ್ಟು ಎತ್ತಿದರೆ ಆ ಕಂದುಬಣ್ಣದ ಗುಂಡಿ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಬಂದು ಕಾರಿನ ಮುಖ ನೋಡಿದೆ. ಕಂಪನಿಯಿಂದ ಬಂದಾಗ ಅದು ಇಷ್ಟು ಸರಿಯಾಗಿ ಕೂತಿತ್ತೋ ಇಲ್ಲವೋ, ನನಗೆ ಅನುಮಾನ.

ಗಿರಿಜಾ ಕೈ ತೊಳೆದುಕೊಂಡು ಬಂದಳು. ‘ನಂಜುಂಡಪ್ಪನೋರು ಮನೇಲಿದಾರೆ. ಹೇಳಿ ಬನ್ನಿ,’ ಎಂದಳು. ಏನನ್ನು ಎಂದು ನಾನು ಕೇಳಲಿಲ್ಲ.

ನಂಜುಂಡಪ್ಪನವರು ಜಗಲಿಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದರು. ನಿಂತೇ ಎಲ್ಲ ಹೇಳಿದೆ, ಹಸುವಿನ ತನಕ. ಅವರು ಕನ್ನಡಕ ತೆಗೆದರು.

‘ಗ್ರಿಲ್ಲಿಗೆ ಹಗ್ಗ ಬಿಗಿದ್ರಾ?’

‘ಹೌದು.’

‘ಪ್ಲಾಸ್ಟಿಕ್ ಗ್ರಿಲ್ಲಿಗೆ?’

‘ಹೌದು.’

‘ನೀವು ಹೇಳ್ಕೊಡೋದು ಮೆಕ್ಯಾನಿಕಲ್ಲು ಅಲ್ವಾ ಸಾರ್?’

ಅದಕ್ಕೂ ಹೌದು ಎಂದೆ. ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡು, ನನ್ನನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದರು. ನಮ್ಮ ಗೇಟಿನ ಮುಂದೆ ನಿಂತು, ‘ಗಿರಿಜಮ್ಮ, ಅವತ್ತು ನಾನು ಅಂದಿದ್ದು ತಪ್ಪು ಕಣವ್ವ. ಮನ್ಸಿಗೆ ಹಾಕ್ಕೊಬ್ಯಾಡ’ ಎಂದರು. ಎಪ್ಪತ್ತು ದಾಟಿದ ಮನುಷ್ಯ. ನನಗೆ ಎರಡು ತಿಂಗಳು ಹಿಡಿದ ಕೆಲಸಕ್ಕೆ ಅವರಿಗೆ ರಸ್ತೆ ದಾಟುವಷ್ಟು ಹೊತ್ತು ಸಾಕಾಯಿತು.

ಮಧ್ಯಾಹ್ನ ಊಟ ಮುಗಿಸಿ ಗಿರಿಜಾ ಕೀಲಿ ಕೇಳಿದಳು. ಗುಬ್ಬಿಗೆ ಹೋಗಿ ಬರುತ್ತೇನೆ ಎಂದಳು. ಗೇಟು ತೆಗೆದು ನಿಂತೆ. ಕಾರು ಸದ್ದಿಲ್ಲದೆ ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತಿತು. ‘ಬರೋ ಹಂಗಿದ್ರೆ ಹತ್ಕೊಳ್ಳಿ,’ ಎಂದಳು ಮುಂದೆ ನೋಡುತ್ತಲೇ. ಸೊಂಟ ಹಿಡಿದುಕೊಂಡು ಒಳಗೆ ತೂರಿಕೊಂಡೆ. ಊರು ದಾಟಿದೆವು. ಗೇರು ಬದಲಾದದ್ದು ನನಗೆ ತಿಳಿಯುತ್ತಿರಲಿಲ್ಲ. ಎರಡೂ ಕಡೆಯ ತೆಂಗಿನ ಸಾಲುಗಳು ಹಿಂದೆ ಹಿಂದೆ ಹೋದವು. ಹುಡುಗನಾಗಿ ಬೇಲಿಯ ಆಚೆಯಿಂದ ನೋಡಿದ್ದ ಓಟದೊಳಗೆ ನಾನು ಈಗ ಕೂತಿದ್ದೆ, ಓಡಿಸುತ್ತಿದ್ದವಳು ನನ್ನ ಹೆಂಡತಿ. ಹೆಮ್ಮೆಯಾಯಿತು, ನಾಚಿಕೆಯೂ ಆಯಿತು. ಯಾವುದು ಹೆಚ್ಚು ಎಂದು ಹೇಳಲಾರೆ.

ಗುಬ್ಬಿಯ ಒಳಗೆ ಅವಳ ತವರಿನ ಬೀದಿ ಮೊದಲೇ ಇಕ್ಕಟ್ಟು. ತಿರುವು ದಾಟುತ್ತಿದ್ದಂತೆ ಎಡಗಡೆ ಕೊಬ್ಬರಿ ಮೂಟೆ ಹೇರಿದ ಟ್ರಾಕ್ಟರು, ಬಲಗಡೆ ಒಂದು ಮಿನಿ ಲಾರಿ, ನಡುವೆ ಒಂದು ಸಂದು. ಟ್ರಾಕ್ಟರಿನವನು ನಮ್ಮ ಕಾರು ನೋಡಿ ಕೈ ಎತ್ತಿ ‘ಆಗಲ್ಲ, ಆಗಲ್ಲ’ ಎಂದು ಸನ್ನೆ ಮಾಡಿದ. ‘ನಿಲ್ಸು, ನಾನು ಇಳಿದು ನೋಡ್ತೀನಿ’ ಎಂದು ನಾನು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಕಾರು ಸಂದಿನೊಳಗಿತ್ತು. ಕಣ್ಣು ಮುಚ್ಚಿದೆ. ತೆಗೆದಾಗ ನಾವು ಆಚೆ ಕಡೆ ಇದ್ದೆವು. ಬ್ರೇಕಿನ ಮೇಲೆ ಅವಳು ಕಾಲೇ ಇಟ್ಟಿರಲಿಲ್ಲ.

‘ಎಷ್ಟಿತ್ತೇ ಜಾಗ?’ ಎಂದೆ, ಧ್ವನಿ ಸರಿಮಾಡಿಕೊಂಡು.

‘ನನ್ನ ಕಡೆ ನಾಲ್ಕು ಬೆರಳು,’ ಎಂದಳು. ‘ನಿಮ್ಮ ಕಡೆ ಮೂರೂವರೆ.’